ಮಾರಿಯ ತವರಿನಿಂದ ಗದ್ದುಗೆಯವರೆಗೆ

ಶಿವಮೊಗ್ಗ, 8 ಮಾರ್ಚ್ 2025, ಶನಿವಾರ

ಜೋಗಕ್ಕೋ ಸಕ್ರೆಬೈಲಿನ ಆನೆ ಬಿಡಾರಕ್ಕೋ ಹೊರಟವರಿಗೆ ಶಿವಮೊಗ್ಗವೆಂದರೆ ಬಸ್ಸು ಬದಲಿಸುವ ಊರು. ಇಲ್ಲಿಯವರೇ ಆದ ನಮಗೆ ಗಾಂಧಿ ಬಜಾರ್ ಎಂದರೆ ಗಾಡಿ ನಿಲ್ಲಿಸಲು ಜಾಗ ಸಿಗದ ರಸ್ತೆ. ಇಂದು ಗಾಡಿಯನ್ನು ಮನೆಯಲ್ಲೇ ಬಿಟ್ಟು, ದೊಡ್ಡಮ್ಮನ ಜೊತೆಗೆ, ಕೋಟೆ ಮಾರಿಕಾಂಬೆಯ ಜಾತ್ರೆ ಸಾಗುವ ದಾರಿಯಲ್ಲೇ ನಡೆದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯಲ್ಲಿ ದೇವಿಯನ್ನು ಮೊದಲು ಗಾಂಧಿ ಬಜಾರಿನ ತವರುಮನೆಯಲ್ಲಿ ಕೂರಿಸಿ, ಆಮೇಲೆ ಕೋಟೆಯ ಗದ್ದುಗೆಗೆ ಕರೆದೊಯ್ಯುತ್ತಾರೆ. ಕಳೆದ ವರ್ಷದ ಮಾರ್ಚಿನಲ್ಲಿ ಇಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೇಟೆಯಲ್ಲಿ ತವರು, ಕೋಟೆಯಲ್ಲಿ ಗದ್ದುಗೆ ಎಂಬ ಈ ಏರ್ಪಾಡು ಪೇಟೆಯನ್ನೂ ಕೋಟೆಯನ್ನೂ ಒಂದೇ ಊರೆಂದು ನೋಡಲು ಕಲಿಸುತ್ತದೆ. ನಾವೋ ಒಂದನ್ನು ವ್ಯಾಪಾರಕ್ಕೆ, ಇನ್ನೊಂದನ್ನು ಪೂಜೆಗೆ ಎಂದು ಬೇರೆ ಮಾಡಿಕೊಂಡಿದ್ದೇವೆ.

ಬಜಾರಿನ ಬದಿಯಲ್ಲಿ ಮಾವಿನ ಮಿಡಿಯ ರಾಶಿ ಕಂಡದ್ದೇ ದೊಡ್ಡಮ್ಮ ನಿಂತರು. ಮಿಡಿಯನ್ನು ಇಲ್ಲಿ ತೂಕಕ್ಕಿಂತ ನೂರರ ಲೆಕ್ಕದಲ್ಲಿ ಕೇಳುವುದು ರೂಢಿ. ಅವರು ಒಂದರ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಬೆರಳಿಗೆ ತಾಗಿಸಿ ಮೂಸಿ, "ಇದು ಅಪ್ಪೆ ಅಲ್ಲ ಮಾರಾಯ್ತಿ, ಬರೀ ಕಾಟು ಮಾವು" ಎಂದು ಮುಂದಿನ ರಾಶಿಗೆ ಹೋದರು. ಜೀರಿಗೆಯ ಹಾಗೋ ಕರ್ಪೂರದ ಹಾಗೋ ಘಮ್ಮೆನ್ನುವ ಆ ಸೊನೆಯಲ್ಲೇ ಅಪ್ಪೆಮಿಡಿಯ ಬೆಲೆಯೆಲ್ಲ ಇದೆ. ತೊಟ್ಟು ಸಹಿತ ಇರುವ ಮಿಡಿಯನ್ನು ಕಲ್ಲುಪ್ಪಿನಲ್ಲಿ ಸುರುಟುವವರೆಗೆ ಇಟ್ಟು, ಅದು ಬಿಟ್ಟ ಉಪ್ಪುನೀರಿನಲ್ಲೇ ಸಾಸಿವೆ, ಮೆಣಸು ರುಬ್ಬಿ ಬೆರೆಸಿದರೆ ಉಪ್ಪಿನಕಾಯಿ ಭರಣಿಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಹೊಳೆದಂಡೆಯ ಮರದ ಮಿಡಿಯೇ ಆಗಬೇಕೆಂದು ದೊಡ್ಡಮ್ಮ ಹಟ ಹಿಡಿದರು, ಮಾರುವವನು ಹೌದೆಂದ. ಅಂಥ ಮಾತಿಗೆ ಸಾಕ್ಷಿ ಕೇಳುವ ಪದ್ಧತಿ ಬಜಾರಿನಲ್ಲಿಲ್ಲ.

ಮೀನಾಕ್ಷಿ ಭವನದ ದೋಸೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಆದ್ದರಿಂದ ಅದನ್ನು ಬಿಡುತ್ತೇನೆ.

ಕೋಟೆ ರಸ್ತೆಯಲ್ಲಿ ಮಾರಿಕಾಂಬೆಗೂ ಸೀತಾರಾಮಾಂಜನೇಯನಿಗೂ ಕೈಮುಗಿದು ಶಿವಪ್ಪ ನಾಯಕನ ಅರಮನೆಗೆ ಹೋದೆವು. 1645ರಿಂದ 1660ರವರೆಗೆ ಆಳಿದ ಆ ಕೆಳದಿಯ ಅರಸ, ಭೂಮಿಯ ಫಲವತ್ತತೆ ನೋಡಿ ಕಂದಾಯ ಗೊತ್ತುಮಾಡಿದ ತನ್ನ 'ಶಿಸ್ತಿ'ನಿಂದ ಇಂದಿಗೂ ರೈತರ ಮಾತಿನಲ್ಲಿ ಉಳಿದಿದ್ದಾನೆ. ಆದರೆ ಅವನ ಹೆಸರಿನ ಈ ಕಟ್ಟಡವನ್ನು 18ನೇ ಶತಮಾನದ ಹೈದರಾಲಿಯ ಕಾಲದ್ದೆಂದು ಗುರುತಿಸುತ್ತಾರೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಬಂದವರು ದರ್ಬಾರು ಹಜಾರದ ಮರದ ಕಂಬಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನ್ನ ಮಟ್ಟಿಗೆ ಹಜಾರಕ್ಕಿಂತ ಅಲ್ಲಿ ಕೂಡಿಟ್ಟಿರುವ ವೀರಗಲ್ಲುಗಳೇ ಮೇಲು. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ಅದೇ ವೀರ. ಗಂಡನ ಚಿತೆಯೇರಿದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಮಾಸ್ತಿಗಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಬಳೆತೊಟ್ಟ ತೋಳನ್ನು ತೋರಿಸಿದಾಗ ದೊಡ್ಡಮ್ಮ, "ಬಳೆ ಮಾತ್ರ ಎಷ್ಟು ಚೆಂದ ಕೆತ್ತಿದ್ದಾರೆ ನೋಡು, ಆ ಹೆಂಗಸಿನ ಹೆಸರು ಯಾರಿಗೆ ಗೊತ್ತು" ಎಂದು ಸಿಟ್ಟಿನಿಂದಲೇ ಅಂದರು.

ಅಲ್ಲಿಂದ ತುಂಗೆಯ ಕಡೆಗೆ ಇಳಿದರೆ ಕೋರ್ಪಲಯ್ಯನ ಛತ್ರ. ಮಳೆಗಾಲದಲ್ಲಿ ಅಲ್ಲಿನ ಹೊಳೆಯ ಮಂಟಪ ಮುಳುಗಿತೆಂದರೆ ತುಂಗೆ ತುಂಬಿತೆಂದೇ ಶಿವಮೊಗ್ಗದವರ ಲೆಕ್ಕ. ಅಣೆಕಟ್ಟಿನಿಂದ ಬಿಟ್ಟ ನೀರಿನ ಕ್ಯುಸೆಕ್ ಅಂಕಿ ಪತ್ರಿಕೆಯಲ್ಲಿ ಬಂದರೂ ಜನ ಮಂಟಪವನ್ನು ಕಣ್ಣಾರೆ ನೋಡಿಯೇ ನಂಬುತ್ತಾರೆ. ಈಗ ಬೇಸಿಗೆಯಾದ್ದರಿಂದ ಅದು ಪೂರ್ತಿ ಹೊರಗಿದೆ.

ಸಂಜೆ ಬಜಾರಿನ ಕಡೆ ಹಿಂದಿರುಗುವಾಗ ಗಾಡಿಯೊಂದರ ಮುಂದೆ ಮಸಾಲೆ ಮಂಡಕ್ಕಿ ತಿಂದೆವು. ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಖಾರದ ಪುಡಿ, ಕೊಬ್ಬರಿ ಎಣ್ಣೆ ಹಾಕಿ ಕಲಸಿದ ಮಂಡಕ್ಕಿಯನ್ನು ಕೈಗೆ ಬಂದ ಕೂಡಲೇ ತಿನ್ನಬೇಕು. ಐದು ನಿಮಿಷ ಮಾತಿಗೆ ನಿಂತರೂ ಮೆತ್ತಗಾಗುತ್ತದೆ. ಕಟ್ಟಿಸಿಕೊಂಡು ಮನೆಗೊಯ್ಯುವವರನ್ನು ಕಂಡರೆ ನನಗೆ ಕನಿಕರ. ಮಿಡಿಯ ಚೀಲ ಹಿಡಿದಿದ್ದ ದೊಡ್ಡಮ್ಮ ಮಾತ್ರ ಎರಡನೇ ಪೊಟ್ಟಣ ಕಟ್ಟಿಸಿಕೊಂಡರು.