ಎಂಎಕ್ಸ್-5 ಕಾರಿಗೆ ಟ್ರ್ಯಾಕ್ ಅಲೈನ್‌ಮೆಂಟ್: ದಾರ, ಸ್ಕೇಲು, ಸ್ಪಾನರು

ಮಾಜ್ದಾ ಎಂಎಕ್ಸ್-5 ಕಾರಿನ ಮೊದಲ ಎರಡು ತಲೆಮಾರುಗಳಲ್ಲಿ (1989ರಿಂದ 2005ರವರೆಗಿನವು) ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದೆ, ಅಂದರೆ ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತದೆ. ಪ್ರತಿ ಕೆಳತೋಳಿನ ಬುಡದಲ್ಲಿ ಎರಡೆರಡು ಕ್ಯಾಮ್ ಬೋಲ್ಟು (ತಿರುಗಿಸಿದರೆ ತೋಳಿನ ಬುಡವನ್ನು ಒಳಗೆ-ಹೊರಗೆ ಸರಿಸುವ ಬೋಲ್ಟು), ಒಟ್ಟು ಎಂಟು. ಹೊಸದಾಗಿ ಒಂದು ಭಾಗವನ್ನೂ ಕೊಳ್ಳದೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ; ಒಳಕ್ಕಾದರೆ ನೆಗೆಟಿವ್ ಅಥವಾ ಮೈನಸ್), ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ), ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮೂರನ್ನೂ ಬದಲಿಸಬಹುದು. ರೇಸ್ ಟ್ರ್ಯಾಕಿಗೆ ತಕ್ಕಂತೆ ಈ ಕೋನಗಳನ್ನು ಹೊಂದಿಸುವ ಅಲೈನ್‌ಮೆಂಟ್ ಕಲಿಯಲು ಇದಕ್ಕಿಂತ ಒಳ್ಳೆಯ ಕಾರು ಸಿಗುವುದು ಕಷ್ಟ.

ಅಳತೆಗೆ ಮುಂಚೆ ಕಾರನ್ನು ಪರೀಕ್ಷಿಸಿ. ಚಕ್ರ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಮೇಲೆ ಎಡ-ಬಲ ಹಿಡಿದು ಅಲ್ಲಾಡಿಸಿ. ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತುದಿಯಲ್ಲಿ ಸಡಿಲ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಸಡಿಲ ಕೀಲಿನ ಕಾರಿನಲ್ಲಿ ಎಷ್ಟು ಜಾಗ್ರತೆಯಿಂದ ಅಳೆದರೂ ಆ ಅಳತೆ ಮೊದಲ ಬ್ರೇಕಿಗೇ ಕೆಡುತ್ತದೆ. ರೈಡ್ ಹೈಟ್ (ನೆಲದಿಂದ ಕಾರಿನ ಎತ್ತರ) ಕೂಡ ಈಗಲೇ ತೀರ್ಮಾನವಾಗಬೇಕು. ಸ್ಪ್ರಿಂಗ್ ಇಳಿಸಿದರೆ ಕ್ಯಾಂಬರೂ ಟೋ ಕೂಡ ಬದಲಾಗುತ್ತವೆ. ಟೈರಿಗೆ ಸರಿಯಾದ ಗಾಳಿ, ಅರ್ಧ ಟ್ಯಾಂಕ್ ಪೆಟ್ರೋಲ್, ಚಾಲಕರ ಸೀಟಿನ ಮೇಲೆ ಅವರದೇ ತೂಕದ ಮರಳಿನ ಚೀಲ. ಸುಮಾರು ಒಂದು ಟನ್ ತೂಗುವ ಕಾರಿನಲ್ಲಿ 70 ಕಿಲೋ ಎಂದರೆ ಸಣ್ಣ ಭಾರವಲ್ಲ.

ನೆಲ ಸಮತಟ್ಟಾಗಿದೆಯೇ ಎಂದು ನೋಡಲು ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ತಗ್ಗಿರುವ ಚಕ್ರದ ಕೆಳಗೆ ತೆಳು ವಿನೈಲ್ ಹಾಸು ಇಟ್ಟು ನಾಲ್ಕೂ ಮೂಲೆ ಸರಿತೂಗಿಸಿ. ಚಕ್ರಗಳ ಕೆಳಗೆ ನಡುವೆ ಗ್ರೀಸ್ ಸವರಿದ ಎರಡು ಪ್ಲಾಸ್ಟಿಕ್ ಹಾಳೆ ಇಡಿ. ಇಲ್ಲದಿದ್ದರೆ ಕ್ಯಾಮ್ ತಿರುಗಿಸಿದರೂ ಟೈರು ನೆಲ ಕಚ್ಚಿ ನಿಂತಿರುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಜ್ಯಾಕ್ ಇಳಿಸಿದ ಮೇಲೆ ಪ್ರತಿ ಸಲ ಕಾರನ್ನು ಎರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ಸಸ್ಪೆನ್ಷನ್ ಕೂರಲು ಬಿಡಿ.

ದಾರ ಕಟ್ಟುವಾಗಲೇ ಹೆಚ್ಚಿನವರು ಎಡವುತ್ತಾರೆ. ಮುಂದೊಂದು, ಹಿಂದೊಂದು ಅಲ್ಯೂಮಿನಿಯಂ ಕೊಳವೆ ಇಟ್ಟು, ಎರಡರಲ್ಲೂ ಒಂದೇ ಅಂತರಕ್ಕೆ ಗೀರು ಹಾಕಿ ಎರಡು ಬದಿಗೂ ದಾರ ಎಳೆದರೆ ಸಮಾನಾಂತರ ಗೆರೆಗಳು ಸಿಗುತ್ತವೆ. ಮುಂದಿನ ಹಬ್‌ನಿಂದ (ಚಕ್ರದ ನಡುಭಾಗದಿಂದ) ದಾರಕ್ಕೆ ಎಡದಲ್ಲಿ ಎಷ್ಟೋ ಬಲದಲ್ಲೂ ಅಷ್ಟೇ ಇರಬೇಕು. ಹಿಂದಿನ ಹಬ್‌ಗಳಲ್ಲೂ ಹಾಗೆಯೇ. ಮುಂದಿನ ಅಳತೆ ಹಿಂದಿನದಕ್ಕೆ ಸಮ ಬರಬೇಕಿಲ್ಲ. ಈ ಕಾರಿನ ಹಿಂದಿನ ಚಕ್ರಗಳ ನಡುವಿನ ಅಗಲ ತುಸು ಹೆಚ್ಚು. ಇದನ್ನು ಮರೆತು ದಾರವನ್ನು ನಾಲ್ಕೂ ಹಬ್‌ಗೆ ಒಂದೇ ಅಂತರದಲ್ಲಿ ಹಿಡಿದರೆ ಟೋ ಲೆಕ್ಕವೆಲ್ಲ ತಪ್ಪುತ್ತದೆ.

ಟೋ ನೋಡಲು ರಿಮ್‌ನ ಮುಂದಿನ ಅಂಚು ಮತ್ತು ಹಿಂದಿನ ಅಂಚಿನಿಂದ ದಾರಕ್ಕಿರುವ ದೂರವನ್ನು ಉಕ್ಕಿನ ಸ್ಕೇಲಿನಲ್ಲಿ ಅಳೆಯಿರಿ. 15 ಇಂಚಿನ ರಿಮ್‌ನಲ್ಲಿ ಈ ಎರಡು ಬಿಂದುಗಳ ನಡುವೆ ಸುಮಾರು 400 ಮಿ.ಮೀ. ಅಲ್ಲಿ 1 ಮಿ.ಮೀ. ವ್ಯತ್ಯಾಸ ಎಂದರೆ 0.14 ಡಿಗ್ರಿ. ರಿಮ್ ಕೊಂಚ ಬಾಗಿರಬಹುದು. ಚಕ್ರವನ್ನು ಅರ್ಧ ಸುತ್ತು ಉರುಳಿಸಿ ಮತ್ತೆ ಅಳೆದು ಸರಾಸರಿ ತೆಗೆಯಿರಿ. ಕ್ಯಾಂಬರ್‌ಗೆ ರಿಮ್‌ನ ಮೇಲಂಚು-ಕೆಳಅಂಚಿಗೆ ನೇರ ಪಟ್ಟಿ ಒರಗಿಸಿ ಡಿಜಿಟಲ್ ಕೋನಮಾಪಕ ಇಟ್ಟರಾಯಿತು.

ಕೆಲಸ ಹಿಂದಿನಿಂದ ಶುರುವಾಗಬೇಕು. ಕಾರು ಯಾವ ದಿಕ್ಕಿಗೆ ನೇರ ಹೋಗುತ್ತದೆ ಎಂಬುದನ್ನು ಹಿಂದಿನ ಚಕ್ರಗಳು ನಿರ್ಧರಿಸುತ್ತವೆ. ಹಿಂದಿನ ಚಕ್ರವೊಂದರ ಎರಡು ಕ್ಯಾಮ್‌ಗಳನ್ನು ಒಟ್ಟಿಗೆ ಸರಿಸಿದರೆ ಕ್ಯಾಂಬರ್, ಒಂದನ್ನೇ ಸರಿಸಿದರೆ ಟೋ ಬದಲಾಗುತ್ತದೆ. ಕ್ಯಾಂಬರ್ ಮೈನಸ್ 2.3 ಡಿಗ್ರಿ ಇಟ್ಟು, ಪ್ರತಿ ಬದಿಗೆ 1 ಮಿ.ಮೀ. ಟೋ-ಇನ್ ಕೊಡಿ, ಅಂದರೆ ಮುಂದಿನ ಅಂಚು ದಾರದಿಂದ 1 ಮಿ.ಮೀ. ಹೆಚ್ಚು ದೂರ. ಹಿಂದೆ ಟೋ-ಔಟ್ ಯಾವ ಕಾರಣಕ್ಕೂ ಬೇಡ. ವೇಗದ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟ ಕ್ಷಣ ಹಿಂಭಾಗ ಹೊರಕ್ಕೆ ತಿರುಗುತ್ತದೆ. ಚಾಲಕರು ಎಷ್ಟು ಅನುಭವಸ್ಥರಾದರೂ ಇದು ಅಪಾಯ.

ಮುಂದೆ ಕ್ಯಾಂಬರ್ ಮತ್ತು ಕ್ಯಾಸ್ಟರ್ ಪರಸ್ಪರ ಜಗ್ಗುತ್ತವೆ. ಎರಡೂ ಕ್ಯಾಮ್ ಹೊರಕ್ಕೆ ಸರಿದರೆ ನೆಗೆಟಿವ್ ಕ್ಯಾಂಬರ್ ಹೆಚ್ಚುತ್ತದೆ. ಅದೇ ತೋಳಿನ ಹಿಂದಿನ ಕ್ಯಾಮ್ ಹೊರಕ್ಕೆ, ಮುಂದಿನದು ಒಳಕ್ಕೆ ಹೋದರೆ ತೋಳಿನ ತುದಿ ಮುಂದೆ ಸರಿದು ಕ್ಯಾಸ್ಟರ್ ಏರುತ್ತದೆ. ಹಾಗಾಗಿ ಹಿಂದಿನ ಕ್ಯಾಮನ್ನು ಪೂರ್ತಿ ಹೊರಗಿಟ್ಟು, ಮುಂದಿನದರಲ್ಲಿ ಎರಡನ್ನೂ ಹೊಂದಿಸುವುದು ಸುಲಭ. ಇಳಿಸಿದ ಕಾರಿಗೆ ಮೈನಸ್ 2.8 ಡಿಗ್ರಿ ಕ್ಯಾಂಬರ್, 5ರ ಆಸುಪಾಸು ಕ್ಯಾಸ್ಟರ್ ಒಳ್ಳೆಯ ಆರಂಭ. ಚಕ್ರವನ್ನು ಎಡಕ್ಕೆ 20, ಬಲಕ್ಕೆ 20 ಡಿಗ್ರಿ ತಿರುಗಿಸಿದಾಗ ಬರುವ ಎರಡು ಕ್ಯಾಂಬರ್ ಓದುಗಳ ವ್ಯತ್ಯಾಸದ ಒಂದೂವರೆ ಪಟ್ಟು ಹೆಚ್ಚುಕಡಿಮೆ ಕ್ಯಾಸ್ಟರ್. ಕೊನೆಯಲ್ಲಿ, ಸ್ಟೀರಿಂಗ್ ನೇರ ಕಟ್ಟಿ, ಟೈ ರಾಡ್ ತಿರುಗಿಸಿ ಮುಂದಿನ ಟೋವನ್ನು ಸೊನ್ನೆಗೆ ತನ್ನಿ. ಕ್ಯಾಂಬರ್ ಮುಟ್ಟಿದರೆ ಟೋ ಕೆಟ್ಟೇ ಕೆಡುತ್ತದೆ, ಆದ್ದರಿಂದ ಇದು ಕೊನೆಗೇ.

ಹಳೆಯ ಕಾರುಗಳಲ್ಲಿ ಕ್ಯಾಮ್ ಬೋಲ್ಟು ಬುಶ್‌ನ (ತೋಳಿನ ಬುಡದ ರಬ್ಬರ್ ಕೀಲಿನ) ಒಳಕೊಳವೆಗೆ ತುಕ್ಕು ಹಿಡಿದು ಅಂಟಿರುತ್ತದೆ. ಬೋಲ್ಟು ತಿರುಗಿದಂತೆ ಕಂಡರೂ ರಬ್ಬರ್ ತಿರುಚಿಕೊಂಡು, ಕೈ ಬಿಟ್ಟೊಡನೆ ಹಿಂದಕ್ಕೆ ಬರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಆಗಲೂ ಬಾರದಿದ್ದರೆ ಕತ್ತರಿಸಿ ಹೊಸದು ಹಾಕುವುದೇ ದಾರಿ. ಬಲವಂತ ಮಾಡಿದರೆ ಬುಶ್ ಹರಿಯುತ್ತದೆ. ನಟ್ ಅಂತಿಮವಾಗಿ ಬಿಗಿಯುವಾಗ ಕಾರು ತನ್ನ ಚಕ್ರಗಳ ಮೇಲೆ ನಿಂತಿರಲಿ. ಚಕ್ರ ನೇತಾಡುವಾಗ ಬಿಗಿದರೆ ಇಳಿಸಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಎತ್ತರವೂ ತಪ್ಪುತ್ತದೆ. ಬಿಗಿದ ಮೇಲೆ ಕ್ಯಾಮ್ ಮತ್ತು ಸಬ್‌ಫ್ರೇಮ್ (ತೋಳುಗಳು ಕೂರುವ ಚೌಕಟ್ಟು) ಎರಡಕ್ಕೂ ಸೇರಿಸಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಟ್ರ್ಯಾಕಿನ ಅಂಚಿನ ಕರ್ಬ್ ಬಡಿದು ಕ್ಯಾಮ್ ಜಾರಿದ್ದರೆ ಗೆರೆ ಮುರಿದಿರುತ್ತದೆ.

ಮೇಲಿನ ಅಂಕಿಗಳೆಲ್ಲ ಆರಂಭಕ್ಕೆ ಮಾತ್ರ. ಕ್ಯಾಂಬರ್ ಎಷ್ಟು ಬೇಕೆಂದು ಟೈರೇ ಹೇಳಬೇಕು. ನಿಧಾನದ ಸುತ್ತು ಹಾಕದೆ ನೇರ ಪಿಟ್‌ಗೆ ಬಂದು, ಸೂಜಿ ಇರುವ ಪೈರೋಮೀಟರನ್ನು (ತಾಪಮಾಪಕವನ್ನು) ರಬ್ಬರಿನೊಳಗೆ ಚುಚ್ಚಿ ಒಳಅಂಚು, ನಡು, ಹೊರಅಂಚಿನ ಬಿಸಿ ಬರೆದುಕೊಳ್ಳಿ. ಇನ್‌ಫ್ರಾರೆಡ್ ಗನ್ ಮೇಲ್ಮೈ ಮಾತ್ರ ನೋಡುತ್ತದೆ, ಅದು ಬೇಗ ಆರುತ್ತದೆ. ಒಳಅಂಚು ಹೊರಗಿಗಿಂತ 5ರಿಂದ 8 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಸರಿ. ಹೊರಅಂಚೇ ಹೆಚ್ಚು ಬಿಸಿಯಾದರೆ ಇನ್ನೂ ಅರ್ಧ ಡಿಗ್ರಿ ನೆಗೆಟಿವ್ ಕ್ಯಾಂಬರ್ ಬೇಕು. ನಡು ಬಿಸಿಯಾದರೆ ಗಾಳಿ ಹೆಚ್ಚಾಗಿದೆ. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ಅಪ್ರದಕ್ಷಿಣವಾಗಿ ಸುತ್ತುವ ಟ್ರ್ಯಾಕು, ಎಡ ತಿರುವುಗಳೇ ಹೆಚ್ಚು. ಅಲ್ಲಿ ಹೆಚ್ಚು ಭಾರ ಹೊರುವ ಬಲ ಮುಂದಿನ ಟೈರಿನ ಲೆಕ್ಕವನ್ನೇ ಮೊದಲು ನೋಡಿ.