ಎಡಗಡೆಯ ಸೀಲ್

2025 ನವೆಂಬರ್ 16, ಭಾನುವಾರ

ಇವತ್ತು ಮಧ್ಯಾಹ್ನ ನನ್ನ ಹಳೆಯ ಬೈಕಿನ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿನ ಎಡಗಡೆಯ ಆಯಿಲ್ ಸೀಲ್, ಅಂದರೆ ಶಾಫ್ಟಿನ ಸುತ್ತ ಸೋರದಂತೆ ಹಿಡಿಯುವ ರಬ್ಬರ್ ಉಂಗುರ, ಹೊರಗೆ ಬಂತು. ಅಂಗೈ ಮೇಲೆ ಇಟ್ಟುಕೊಂಡು ಅದರ ಒಳಅಂಚನ್ನು ಉಗುರಿನಿಂದ ಒತ್ತಿದೆ. ರಬ್ಬರ್ ಒಂದಿಷ್ಟೂ ತಗ್ಗಲಿಲ್ಲ. ಸ್ವಲ್ಪ ಬಾಗಿಸಿದ್ದೇ ತಡ, ಒಣಗಿದ ಹುಣಸೆ ಸಿಪ್ಪೆಯ ಹಾಗೆ ಚಟ್ಟೆಂದು ಮುರಿಯಿತು. ಒಳಗಿದ್ದ ಕೂದಲೆಳೆಯ ಸ್ಪ್ರಿಂಗ್ ತುಕ್ಕು ಹಿಡಿದು ಎರಡು ತುಂಡಾಗಿತ್ತು. 1975ರ ಯಮಹಾ ಡಿಟಿ 175 ಇಷ್ಟು ವರ್ಷ ಮೂಲೆ ಹಿಡಿದು ಕೂತಿದ್ದಕ್ಕೆ ಈ ಉಂಗುರವೇ ಕಾರಣ ಎಂದು ನನಗೀಗ ಅನುಮಾನವೇ ಉಳಿದಿಲ್ಲ.

ಗಾಡಿ ಕೈಗೆ ಬಂದಾಗ ಪಿಸ್ಟನ್ ಜಾಮ್ ಆಗಿತ್ತು. ಕಿಕ್ಕರ್ ಮೇಲೆ ನಿಂತರೂ ಅಲುಗಾಡುತ್ತಿರಲಿಲ್ಲ. ಪ್ಲಗ್ ತೂತಿನಿಂದ ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಸಮಸಮ ಬೆರೆಸಿ ಸುರಿದು, ದಿನಕ್ಕೊಮ್ಮೆ ಸ್ವಲ್ಪ ಸೇರಿಸುತ್ತ ಕಾದೆ. ಹನ್ನೊಂದನೆಯ ದಿನ ಕಿಕ್ಕರ್ ಒಂದು ಬೆರಳಿನಷ್ಟು ಇಳಿಯಿತು. ಆ ಹೊತ್ತಿಗೆ ಆದ ಖುಷಿ ಎಷ್ಟೆಂದರೆ, ಅವತ್ತೇ ಹೊಸ ಪಿಸ್ಟನ್ ತರಿಸಲು ಹೊರಟಿದ್ದೆ. ತರಿಸದೇ ಇದ್ದದ್ದು ಒಳ್ಳೆಯದಾಯಿತು.

ಸಿಲಿಂಡರ್ ಎತ್ತಿ ಪಿಸ್ಟನ್ ನೋಡಿದಾಗ ಎಕ್ಸಾಸ್ಟ್ ಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಗೀರುಗಳಿದ್ದವು. ಕರಗಿದ ಅಲ್ಯೂಮಿನಿಯಂ ಸಿಲಿಂಡರ್ ಗೋಡೆಗೆ ಬಳಿದುಕೊಂಡಿತ್ತು. ಹಾಗಾದರೆ ಇದು ನಿಂತು ತುಕ್ಕು ಹಿಡಿದ ಎಂಜಿನ್ ಅಲ್ಲ, ಓಡುತ್ತಿರುವಾಗಲೇ ಪಿಸ್ಟನ್ ಬಿಸಿಗೆ ಹಿಡಿದುಕೊಂಡು ಸೀಜ್ ಆದದ್ದು. ತುಕ್ಕು ಆಮೇಲೆ ಬಂದು ಸೇರಿಕೊಂಡಿದೆ. ಮೊದಲಿಗೆ ಆಟೋಲೂಬ್ ಪಂಪಿನ ಮೇಲೆ ಸಂಶಯಪಟ್ಟೆ. ಈ ಗಾಡಿಯಲ್ಲಿ ಆಯಿಲ್ ಪೆಟ್ರೋಲಿನ ಜೊತೆ ಬೆರೆಸುವಂತಿಲ್ಲ, ಬೇರೆ ಟ್ಯಾಂಕಿನಿಂದ ಪಂಪ್ ಎಳೆದು ಕೊಡುತ್ತದೆ. ಪಂಪ್ ಬಿಚ್ಚಿ, ತೊಳೆದು, ಕೈಯಲ್ಲಿ ತಿರುಗಿಸಿದೆ. ಹನಿ ಹನಿಯಾಗಿ ಸರಿಯಾಗಿಯೇ ಬಿತ್ತು. ಆಯಿಲ್ ಸಿಗದೆ ಸೀಜ್ ಆಗಿಲ್ಲವೆಂದರೆ ಗಾಳಿ ಹೆಚ್ಚಾಗಿ ಆಗಿರಬೇಕು.

ಟು-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಕೇಸ್ ಬರೀ ಪೆಟ್ಟಿಗೆಯಲ್ಲ, ಅದೂ ಒಂದು ಪಂಪ್. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಜಾಗ ಕಾರ್ಬೊರೇಟರ್‌ನಿಂದ ಪೆಟ್ರೋಲ್ ಬೆರೆತ ಗಾಳಿಯನ್ನು ಎಳೆದುಕೊಳ್ಳುತ್ತದೆ, ಇಳಿಯುವಾಗ ಅದನ್ನೇ ಮೇಲಕ್ಕೆ ತಳ್ಳುತ್ತದೆ. ಕ್ರ್ಯಾಂಕ್‌ನ ಎರಡು ತುದಿಗಳಲ್ಲಿರುವ ಸೀಲ್‌ಗಳು ಈ ಪಂಪಿನ ಬಾಗಿಲುಗಳು. ಬಲಗಡೆಯದು, ಕ್ಲಚ್ ಕಡೆಯದು, ಸೋತರೆ ಗೇರ್‌ಬಾಕ್ಸ್ ಆಯಿಲ್ ಒಳಗೆ ಹೋಗಿ ಬಿಳಿ ಹೊಗೆ ಏಳುತ್ತದೆ, ಹಿಂದೆ ಬರುವವರೇ ಕೂಗಿ ಹೇಳುತ್ತಾರೆ. ಎಡಗಡೆಯದು, ಮ್ಯಾಗ್ನೆಟ್ ಕಡೆಯದು, ಸೋತರೆ ಹೊಗೆಯೂ ಇಲ್ಲ, ಸೋರಿಕೆಯೂ ಕಾಣುವುದಿಲ್ಲ. ಬರೀ ಗಾಳಿ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ತೆಳುವಾಗುತ್ತದೆ, ಐಡ್ಲಿಂಗ್ ತಾನಾಗಿ ಏರುತ್ತದೆ, ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಒಂದು ದಿನ ಏರುದಾರಿಯಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಅದಕ್ಕೇ ಹೊಸ ಪಿಸ್ಟನ್‌ಗೆ ಕೈ ಹಾಕುವ ಮೊದಲು ಹಳೆಯದನ್ನೇ ಮತ್ತೆ ಕೂರಿಸಿ ಒತ್ತಡದ ಪರೀಕ್ಷೆ ಮಾಡಿದೆ. ಬೇಕಾದ ಸಾಮಾನು ಹೆಚ್ಚೇನಿಲ್ಲ: ಸೈಕಲ್ ಪಂಪ್, ಹಳೆಯ ಟ್ಯೂಬಿನಿಂದ ಕತ್ತರಿಸಿದ ವಾಲ್ವ್, ದಪ್ಪ ರಬ್ಬರ್ ಹಾಳೆಯ ತುಂಡುಗಳು, ಎರಡು ಹೋಸ್ ಕ್ಲಿಪ್. ಕಡಿಮೆ ಒತ್ತಡ ತೋರಿಸುವ ಗೇಜ್ ಒಂದನ್ನು ಮಾತ್ರ ಕೊಂಡೆ. ಎಕ್ಸಾಸ್ಟ್ ಬಾಯಿಗೆ ರಬ್ಬರ್ ಇಟ್ಟು ಮೇಲೆ ತಗಡಿನ ಪಟ್ಟಿ ಬಿಗಿದೆ. ಆಯಿಲ್ ನಳಿಕೆಯ ತೂತನ್ನೂ ಮುಚ್ಚಿದೆ. ಅದನ್ನು ಮರೆತರೆ ಇಲ್ಲದ ಸೋರಿಕೆಯನ್ನು ಹುಡುಕುತ್ತ ಕೂರಬೇಕಾಗುತ್ತದೆ. ಪಿಸ್ಟನ್ ಅನ್ನು ಪೂರ್ತಿ ಕೆಳಗಿಳಿಸಿ, ಇನ್‌ಟೇಕ್ ಕಡೆಯಿಂದ ನಿಧಾನವಾಗಿ 6 ಪಿಎಸ್‌ಐವರೆಗೆ (ಟೈರಿನ ಗಾಳಿ ಅಳೆಯುವ ಅದೇ ಒತ್ತಡದ ಅಳತೆ) ಗಾಳಿ ತುಂಬಿದೆ. ಅದಕ್ಕಿಂತ ಹೆಚ್ಚು ಒತ್ತಬಾರದು, ಚೆನ್ನಾಗಿರುವ ಸೀಲ್ ಕೂಡ ಜಾಗ ಬಿಟ್ಟು ಎದ್ದೀತು. ಪಂಪ್ ನಿಲ್ಲಿಸಿದ ಕೂಡಲೇ ಮುಳ್ಳು ಸೊನ್ನೆಗೆ ಬಿತ್ತು. ಬ್ರಷ್‌ನಿಂದ ಸೋಪು ನೀರು ಸವರಿ ಮತ್ತೆ ತುಂಬಿದೆ. ಎಡಗಡೆ, ಶಾಫ್ಟ್ ಸುತ್ತ, ಅಕ್ಕಿ ಬೇಯುವಾಗ ಪಾತ್ರೆಯ ಅಂಚಿನಲ್ಲಿ ಏಳುವಂಥ ನೊರೆ. ಸಪ್ಪಳವೂ ಕೇಳುತ್ತಿತ್ತು.

ಹೊಸ ಪಿಸ್ಟನ್ ಹಾಕಿ, ಸಿಲಿಂಡರ್ ಬೋರ್ ಮಾಡಿಸಿ (ಒಳಗೋಡೆಯನ್ನು ಕೊರೆಸಿ ಅಗಲಗೊಳಿಸಿ), ಈ ಸೀಲನ್ನು ಹಾಗೇ ಬಿಟ್ಟು ಓಡಿಸಿದ್ದರೆ ಅಷ್ಟೂ ಹಣ ಮತ್ತೊಮ್ಮೆ ಸುಟ್ಟುಹೋಗುತ್ತಿತ್ತು. ಕಡಿಮೆ ದುಡ್ಡಿನಲ್ಲಿ ಹಳೆಯ ಗಾಡಿ ಎಬ್ಬಿಸುವವರಿಗೆ ನಾನು ಹೇಳುವುದು ಇದೊಂದೇ: ಹಾಳಾದದ್ದನ್ನು ಬದಲಿಸುವ ಮೊದಲು ಹಾಳು ಮಾಡಿದ್ದನ್ನು ಹುಡುಕಿ. ಹಾಳು ಮಾಡಿದ್ದು ಬಹಳ ಸಲ ಅಗ್ಗದ್ದೇ ಆಗಿರುತ್ತದೆ.

ನೋಟ್‌ಬುಕ್‌ನಲ್ಲಿ ಮೂರು ಪುಟ ಮಾಡಿಕೊಂಡಿದ್ದೇನೆ: ನಿಲ್ಲುವುದಕ್ಕೆ, ಓಡುವುದಕ್ಕೆ, ಕಾಣುವುದಕ್ಕೆ. ಹಣ ಆ ಕ್ರಮದಲ್ಲೇ ಹೋಗುತ್ತಿದೆ. ಮೊದಲ ಪುಟ ಹೆಚ್ಚುಕಡಿಮೆ ಮುಗಿದಿದೆ. ಎರಡೂ ಚಕ್ರದ ಡ್ರಮ್ ಬ್ರೇಕಿಗೆ ಹೊಸ ಶೂ, ಹೊಸ ಕೇಬಲ್, ಮುಂದಿನ 21 ಇಂಚಿನ ಮತ್ತು ಹಿಂದಿನ 18 ಇಂಚಿನ ರಿಮ್ಮಿಗೆ ಹೊಸ ಟೈರ್. ಹಳೆಯ ಟೈರಿನಲ್ಲಿ ಹಲ್ಲು ಚೆನ್ನಾಗಿಯೇ ಇತ್ತು, ಆದರೆ ಕಲ್ಲಾದ ರಬ್ಬರ್ ಒದ್ದೆ ಮಣ್ಣಿನಲ್ಲಿ ಹಿಡಿಯುವುದಿಲ್ಲ. ಇದರಲ್ಲಿ ಉಳಿತಾಯ ಮಾಡಲು ನನಗೆ ಮನಸ್ಸಿಲ್ಲ.

ಮೂರನೆಯ ಪುಟ ಖಾಲಿ ಇದೆ, ಖಾಲಿಯೇ ಇರಲಿ. ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕನ್ನು ಬಿಸಿನೀರಿಗೆ ಸಿಟ್ರಿಕ್ ಆಮ್ಲ ಹಾಕಿ ಒಂದು ರಾತ್ರಿ ನೆನೆಸಿ ತೆಗೆದೆ. ಆಮೇಲೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಒಣಗಿಸಿ, ತಡಮಾಡದೆ ಒಳಗೆಲ್ಲ ಟು-ಸ್ಟ್ರೋಕ್ ಆಯಿಲ್ ಆಡಿಸಿದೆ. ಹೊರಗಿನ ಬಣ್ಣ ಮುಟ್ಟಿಲ್ಲ. ಸವಾರನ ಮೊಣಕಾಲು ಉಜ್ಜಿ ಉಜ್ಜಿ ಎರಡೂ ಬದಿಯಲ್ಲಿ ಬಣ್ಣ ಹೋಗಿ ಪ್ರೈಮರ್ ಕಾಣುತ್ತದೆ. ಆ ಸವಕಲು ನನಗೆ ಇಷ್ಟ. 1968ರಲ್ಲಿ ಯಮಹಾ ಡಿಟಿ-1 ಬಿಟ್ಟಾಗಿನಿಂದ ಈ ಮನೆತನದ ಗಾಡಿಗಳು ಇರುವುದೇ ಕಲ್ಲುಮುಳ್ಳಿನಲ್ಲಿ ಓಡುವುದಕ್ಕೆ. ಹೊಳಪು ಕೊಟ್ಟು ನಿಲ್ಲಿಸಲು ನಾನು ಇದನ್ನು ತಂದಿಲ್ಲ.

ಸ್ಕ್ರೂಗಳ ಬಗ್ಗೆ ಒಂದು ಮಾತು. ಕೇಸಿನ ಮೇಲಿರುವವು ನೋಡಲು ಫಿಲಿಪ್ಸ್ ಹಾಗಿದ್ದರೂ ಜೆಐಎಸ್ ಎಂಬ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯವು. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ತಳದವರೆಗೆ ಕೂರದೆ ಜಾರಿ, ತಲೆಯನ್ನು ಕೊರೆದುಬಿಡುತ್ತದೆ. ಜೆಐಎಸ್ ಬಿಟ್ ಇಟ್ಟು ಇಂಪ್ಯಾಕ್ಟ್ ಡ್ರೈವರ್‌ಗೆ ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಸಾಕು, ಐವತ್ತು ವರ್ಷದ ಹಿಡಿತ ಬಿಡುತ್ತದೆ. ಒಂದು ತಲೆಯೂ ಕೆಡಲಿಲ್ಲ.

ಹಳೆಯ ಸೀಲ್ ತೆಗೆಯಲು ಅದರ ಮುಖಕ್ಕೆ ಎರಡು ಸಣ್ಣ ತೂತು ಕೊರೆದು, ಸ್ಕ್ರೂ ಹತ್ತಿಸಿ, ಇಕ್ಕಳದಿಂದ ಸಮನಾಗಿ ಎಳೆದೆ. ಶಾಫ್ಟಿಗೆ ಗೀರು ಬೀಳಬಾರದೆಂದು ಉಸಿರು ಬಿಗಿಹಿಡಿದೇ ಮಾಡಿದ ಕೆಲಸ. ಹೊಸದರ ಅಂಚಿಗೆ ಗ್ರೀಸ್ ಹಚ್ಚಿ, ಸರಿಯಾದ ಅಗಲದ ಸಾಕೆಟ್ ಇಟ್ಟು ಸುತ್ತಲೂ ಒಂದೇ ಸಮ ತಟ್ಟುತ್ತ ಕೂರಿಸಿದೆ.

ಸಂಜೆ ಮತ್ತೆ 6 ಪಿಎಸ್‌ಐ ತುಂಬಿ ಗಡಿಯಾರ ನೋಡುತ್ತ ಕೂತೆ. ಆರು ನಿಮಿಷಕ್ಕೆ ಮುಳ್ಳು ಐದಕ್ಕೆ ಇಳಿದಿತ್ತು. ಎಡಗಡೆ ಸೋಪು ನೀರು ಸವರಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಸಿಲಿಂಡರ್ ಬುಡದಲ್ಲಿ, ಗ್ಯಾಸ್ಕೆಟ್ ಹತ್ತಿರ, ಸಾಸಿವೆ ಗಾತ್ರದ ಗುಳ್ಳೆ ಒಂದೊಂದಾಗಿ ಹುಟ್ಟಿ ಒಡೆಯುತ್ತಿದೆ. ಪರೀಕ್ಷೆಗೆಂದು ಹಳೆಯ ಗ್ಯಾಸ್ಕೆಟ್ ಅನ್ನೇ ಹಾಕಿದ್ದೆ. ನಾಳೆ ಅದನ್ನು ಕೆರೆದು ತೆಗೆದು ಹೊಸದು ಹಾಕಿ ಮತ್ತೆ ಗಾಳಿ ತುಂಬುತ್ತೇನೆ. ಮುಳ್ಳು ನಿಂತ ಮೇಲೆಯೇ ಸಿಲಿಂಡರ್ ಬೋರಿಂಗ್‌ಗೆ ಹೋಗುವುದು.