ಗಾಳಿಯಲ್ಲಿ ತೇಲುವ ಬಾಬಿ ಆರ್: ಬಾಸ್ಟನ್‌ಗೆ ಹೋಗುವವರಿಗೆ

ಐಸ್ ಹಾಕಿ ಆಟಗಾರ ಬಾಬಿ ಆರ್ ಅವರ ಪ್ರತಿಮೆ ನೋಡಲು ಮೊದಲ ಸಲ ನಾನು ಹೋಗಿದ್ದು ಪಂದ್ಯದ ಸಂಜೆ. ಅದೇ ತಪ್ಪಾಯಿತು. ಬಾಸ್ಟನ್ ಬ್ರೂಯಿನ್ಸ್ ಐಸ್ ಹಾಕಿ ತಂಡದ ಕ್ರೀಡಾಂಗಣ ಟಿಡಿ ಗಾರ್ಡನ್ ಸುತ್ತ ಕಪ್ಪು-ಹಳದಿ ಅಂಗಿಯವರ ಜಾತ್ರೆ. ನನ್ನ ಫೋನಿಗೆ ಸಿಕ್ಕಿದ್ದು ಬರೀ ಉಣ್ಣೆ ಟೋಪಿಗಳು. ನೀವು ಪಂದ್ಯ ಇಲ್ಲದ ದಿನ, ಬೆಳಿಗ್ಗೆ ಹೋಗಿ. ಪ್ರತಿಮೆ ಹೊರಗಡೆಯೇ ಇದೆ, ಟಿಕೆಟ್ ಬೇಕಿಲ್ಲ.

ಕಾರು ಬೇಡ, ಪಾರ್ಕಿಂಗ್ ದುಬಾರಿ. ನಗರ ರೈಲಿನ ಗ್ರೀನ್ ಅಥವಾ ಆರೆಂಜ್ ಲೈನ್ ಹಿಡಿದು ನಾರ್ತ್ ಸ್ಟೇಷನ್‌ನಲ್ಲಿ ಇಳಿದರೆ ಸಾಕು. ಏರ್‌ಪೋರ್ಟ್‌ನಿಂದ ಬರುವವರು ಬ್ಲೂ ಲೈನ್‌ನಲ್ಲಿ ಸ್ಟೇಟ್ ನಿಲ್ದಾಣದವರೆಗೆ ಬಂದು ಆರೆಂಜ್‌ಗೆ ಬದಲಾಯಿಸಿ.

ಹೋಗುವ ಮೊದಲು ಕಥೆ ತಿಳಿದಿರಲಿ. ಇಲ್ಲದಿದ್ದರೆ ಸುಮ್ನೆ ಯಾರೋ ಮುಗ್ಗರಿಸಿದ ಹಾಗೆ ಕಾಣುತ್ತದೆ. 1970ರ ಮೇ 10. ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಫೈನಲ್‌ನ ನಾಲ್ಕನೇ ಪಂದ್ಯ, ಎದುರಾಳಿ ಸೇಂಟ್ ಲೂಯಿಸ್ ಬ್ಲೂಸ್. 3-3 ಸಮ. ಹೆಚ್ಚುವರಿ ಆಟ ಶುರುವಾಗಿ 40 ಸೆಕೆಂಡ್ ಆಗಿತ್ತಷ್ಟೇ. ಸಹ ಆಟಗಾರ ಡೆರೆಕ್ ಸ್ಯಾಂಡರ್ಸನ್ ಕೊಟ್ಟ ಪಕ್ (ಚೆಂಡಿನ ಬದಲಿಗೆ ಬಳಸುವ ಬಿಲ್ಲೆ) ಅನ್ನು 22 ವರ್ಷದ ಆರ್, ಬ್ಲೂಸ್ ಗೋಲ್‌ಕೀಪರ್ ಗ್ಲೆನ್ ಹಾಲ್‌ರನ್ನು ದಾಟಿಸಿ ಗೋಲಿಗೆ ಹೊಡೆದರು. ಆಮೇಲೆ ಬ್ಲೂಸ್‌ನ ನೋಯೆಲ್ ಪಿಕಾರ್ಡ್, ಆರ್ ಅವರ ಕಾಲಿಗೆ ಕೋಲು ಸಿಕ್ಕಿಸಿದರು, ಆರ್ ಹಾರಿದರು. ಅಂದರೆ ಅವರು ಹಾರಿ ಗೋಲು ಹೊಡೆದದ್ದಲ್ಲ, ಹೊಡೆದ ಮೇಲೆ ಹಾರಿದ್ದು! ತೋಳು ಚಾಚಿ, ಬೀಳುವ ಮೊದಲೇ ಗೆದ್ದ ಖುಷಿ. ಬ್ರೂಯಿನ್ಸ್‌ಗೆ 29 ವರ್ಷಗಳ ನಂತರ ಕಪ್ ಬಂತು.

ರೇ ಲೂಸಿಯೆ ತೆಗೆದ ಫೋಟೋದಿಂದ ಈ ಕ್ಷಣ ಮನೆಮಾತಾಯಿತು. ಸರಿಯಾಗಿ 40 ವರ್ಷಕ್ಕೆ, 2010ರ ಮೇ 10ರಂದು, ಕಂಚಿನ ಪ್ರತಿಮೆ ಅನಾವರಣವಾಯಿತು. ಮಾಡಿದ ಶಿಲ್ಪಿ ಹ್ಯಾರಿ ವೆಬರ್ ಸೋತ ತಂಡದ ಊರಾದ ಸೇಂಟ್ ಲೂಯಿಸ್‌ನವರು. ತಮಾಷೆ ಅಲ್ವಾ?

ಒಂದು ವಿಷಯ. ಆ ಗೋಲು ಆದದ್ದು ಈಗಿನ ಕಟ್ಟಡದಲ್ಲಲ್ಲ. ಪಕ್ಕದಲ್ಲಿದ್ದ ಹಳೆಯ ಬಾಸ್ಟನ್ ಗಾರ್ಡನ್ 1995ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು.

ಫೋಟೋ ತೆಗೆಯುವುದಾದರೆ ಎದುರಿನಿಂದ ಬೇಡ. ಪಕ್ಕಕ್ಕೆ ಬಂದು ಸ್ವಲ್ಪ ಕೂತು ನೋಡಿ. ಆಗ ದೇಹ ನೆಲಕ್ಕೆ ಅಡ್ಡವಾಗಿ ಚಾಚಿರುವುದು ಚೆನ್ನಾಗಿ ಗೊತ್ತಾಗುತ್ತದೆ. ಜನವರಿಯಲ್ಲಾದರೆ ಗ್ಲೌಸ್ ಬಿಚ್ಚಿ ಕಂಚು ಮುಟ್ಟುವ ಸಾಹಸ ಮಾಡಬೇಡಿ, ನಾನು ಮಾಡಿ ಪಶ್ಚಾತ್ತಾಪಪಟ್ಟೆ. ಇಡೀ ಭೇಟಿಗೆ ಅರ್ಧ ಗಂಟೆ ಜಾಸ್ತಿಯೇ. ಉಳಿದ ಸಮಯಕ್ಕೆ ಹತ್ತಿರದ ನಾರ್ತ್ ಎಂಡ್ ಬಡಾವಣೆಗೆ ನಡೆದು ಹೋಗಿ, ಹ್ಯಾನೋವರ್ ಸ್ಟ್ರೀಟ್‌ನಲ್ಲಿ ಬಿಸಿ ಕಾಫಿ ಜೊತೆ ಕನೋಲಿ ಎಂಬ ಇಟಾಲಿಯನ್ ಸಿಹಿ ತಿನ್ನಿ. ನನ್ನ ಬೆರಳುಗಳಿಗೆ ಜೀವ ಬಂದದ್ದು ಅಲ್ಲೇ.